ಗೋಕರ್ಣದಲ್ಲಿ ಸಂಚಾರ: ಕೊನೆಯ ಹತ್ತು ಕಿಲೋಮೀಟರಿನ ಲೆಕ್ಕ

ಕುಮಟಾ ತಾಲ್ಲೂಕಿನ ಗೋಕರ್ಣವು ಭೂಪಟದ ಮೇಲೆ ರಾಷ್ಟ್ರೀಯ ಹೆದ್ದಾರಿ 66ಕ್ಕೂ ಕೊಂಕಣ ರೈಲು ಮಾರ್ಗಕ್ಕೂ ಅಂಟಿಕೊಂಡಂತೆ ಕಾಣುತ್ತದೆ. ವಾಸ್ತವದಲ್ಲಿ ಎರಡೂ ಊರಿನಿಂದ ದೂರವೇ. ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ನದಿಗಳ ಅಳಿವೆಗಳಿದ್ದು, ಅವುಗಳ ನಡುವೆ ಊರು ಕಡಲಿಗೆ ಒತ್ತಿಕೊಂಡಿದೆ. ಆದ್ದರಿಂದ ಹೆದ್ದಾರಿಯೂ ಹಳಿಯೂ ಒಳನಾಡಿನಲ್ಲಿಯೇ ಹಾದುಹೋಗಿವೆ. ಹೆದ್ದಾರಿಯ ಮಾದನಗೇರಿ ಕ್ರಾಸಿನಿಂದ ಊರಿಗೆ ಸುಮಾರು 10 ಕಿ.ಮೀ. ರೈಲು ನಿಲ್ದಾಣದ ಹೆಸರು 'ಗೋಕರ್ಣ ರೋಡ್'. ರೈಲ್ವೆಯ ಹಳೆಯ ಪರಿಪಾಠದಂತೆ ನಿಲ್ದಾಣದ ಹೆಸರಿನ ಕೊನೆಯಲ್ಲಿ 'ರೋಡ್' ಎಂದಿದ್ದರೆ ಊರು ಅಲ್ಲಿಲ್ಲವೆಂದೇ ತಿಳಿಯಬೇಕು.

1998ರಲ್ಲಿ ಕೊಂಕಣ ರೈಲು ಪೂರ್ಣ ಪ್ರಮಾಣದಲ್ಲಿ ಆರಂಭವಾದ ಮೇಲೆ ಗೋವಾ ಹಾಗೂ ಮುಂಬಯಿ ಕಡೆಯ ಪ್ರವಾಸಿಗರಿಗೆ ದಾರಿ ಸುಲಭವಾಯಿತು. ಆದರೆ ಎಲ್ಲ ವೇಗದೂತ ಗಾಡಿಗಳೂ ಈ ಸಣ್ಣ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಅಂಥ ಗಾಡಿಯಲ್ಲಿ ಬಂದವರು ಕುಮಟಾ ಅಥವಾ ಅಂಕೋಲಾದಲ್ಲಿ ಇಳಿದು ಬಸ್ಸು ಹಿಡಿಯಬೇಕಾಗುತ್ತದೆ. ಟಿಕೆಟ್ ಕಾದಿರಿಸುವ ಮೊದಲೇ ಇದನ್ನು ನೋಡಿಕೊಳ್ಳುವುದು ಲೇಸು.

ನಿಲ್ದಾಣದಿಂದ ಊರಿಗೆ ಆಟೋರಿಕ್ಷಾವೇ ಮುಖ್ಯ ಆಧಾರ. ಇಲ್ಲಿ ನಡೆಯುವುದು ಮೀಟರಿನ ಲೆಕ್ಕವಲ್ಲ, ಮಾತಿನ ಲೆಕ್ಕ. ಹೊಸಬರಿಗೆ ಇದು ಸುಲಿಗೆಯೆಂದು ತೋರುವುದುಂಟು. ಲಾರಿ ಬಾಡಿಗೆಯ ವ್ಯವಹಾರ ಬಲ್ಲ ವ್ಯಾಪಾರಿಗಳಿಗಾದರೋ ಕಾರಣವನ್ನು ವಿವರಿಸಬೇಕಾಗಿಲ್ಲ. ಒಂದು ಕಡೆ ಬಾಡಿಗೆ ಸಿಕ್ಕಿ ಇನ್ನೊಂದು ಕಡೆ ಖಾಲಿ ಮರಳಬೇಕಾದ ಗಾಡಿಯು ಎರಡೂ ಕಡೆಯ ಇಂಧನವನ್ನು ಒಬ್ಬನಿಂದಲೇ ವಸೂಲು ಮಾಡುತ್ತದೆ. ರಾತ್ರಿ ಇಳಿಯುವ ಒಂಟಿ ಪ್ರಯಾಣಿಕನು ಹೆಚ್ಚು ತೆರುವುದು ಈ ಕಾರಣದಿಂದ. ಮೂರು ಜನ ಸೇರಿ ಹಂಚಿಕೊಂಡರೆ, ಇಲ್ಲವೇ ತಂಗುವ ವಸತಿಗೃಹದವರಿಂದಲೇ ಗಾಡಿ ಹೇಳಿಸಿ ದರವನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡರೆ ಹೊರೆ ಇಳಿಯುತ್ತದೆ. ವಸತಿಗೃಹಗಳ ಮಾಲೀಕರು ಈ ದರವನ್ನು ಬರೆದು ತೂಗುಹಾಕಿದರೆ ಅರ್ಧ ಜಗಳ ತಪ್ಪೀತು. ಬಂದ ಮೊದಲ ಅರ್ಧ ಗಂಟೆಯಲ್ಲಿ ಮೋಸಹೋದೆನೆಂದು ಭಾವಿಸಿದ ಗಿರಾಕಿಯು ಉಳಿದ ಎರಡು ದಿನವೂ ಕಿಸೆ ಬಿಗಿಹಿಡಿದೇ ಇರುತ್ತಾನೆ.

ಬಸ್ಸಿನ ಅನುಕೂಲವೂ ಇದೆ. ಕುಮಟಾ, ಅಂಕೋಲಾಗಳಿಂದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಬರುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿತು. ಕ್ಷೇತ್ರದ ವ್ಯಾಪಾರಿಗಳು ಈ ಗಿರಾಕಿಯನ್ನು ಬೇರೆಯಾಗಿಯೇ ಗಮನಿಸಬೇಕು.

ಊರೊಳಗೆ ಗಾಡಿಯ ಅಗತ್ಯವೇ ಇಲ್ಲ. ಬಸ್ ನಿಲ್ದಾಣ, ರಥಬೀದಿ, ಮಹಾಬಲೇಶ್ವರ ದೇವಾಲಯ, ಅದರಾಚೆ ಕಡಲತೀರ ಇವೆಲ್ಲ ಕಾಲ್ನಡಿಗೆಯ ಅಂತರದಲ್ಲಿವೆ. ದೇವಾಲಯವು ಮಧ್ಯಾಹ್ನ ಮುಚ್ಚಿರುತ್ತದೆ. ಪುರುಷರಿಗೆ ಪಂಚೆ ಬೇಕು. ಈ ಎರಡು ನಿಯಮಗಳೇ ರಥಬೀದಿಯ ಎಷ್ಟೋ ಅಂಗಡಿಗಳಿಗೆ ಗಿರಾಕಿಯನ್ನು ತಂದುಕೊಡುತ್ತವೆ. ಶಿವರಾತ್ರಿಯ ರಥೋತ್ಸವದ ದಿನಗಳಲ್ಲಂತೂ ಸರಕಿನ ಗಾಡಿಯನ್ನು ಈ ಬೀದಿಗೆ ತರುವ ಯೋಚನೆ ಬೇಡ.

ಕುಡ್ಲೆ ತೀರಕ್ಕೆ ಗುಡ್ಡದ ಕಾಲುದಾರಿಯಿದೆ. ಅಲ್ಲಿಂದ ಮುಂದೆ ಓಂ ತೀರಕ್ಕೂ ನಡೆದು ಹೋಗಬಹುದು. ಊರಿನಿಂದ ರಸ್ತೆಯೂ ಉಂಟು. ಹಾಫ್ ಮೂನ್ ಹಾಗೂ ಪ್ಯಾರಡೈಸ್ ತೀರಗಳಿಗೆ ವಾಹನ ಇಳಿಯುವುದಿಲ್ಲ. ನಡಿಗೆ ಇಲ್ಲವೇ ದೋಣಿಯೇ ಗತಿ. ಕತ್ತಲಾದ ಮೇಲೆ ಈ ಕಾಲುದಾರಿಗಳನ್ನು ನಂಬಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತದೆ. ಆಗ ದೋಣಿಯ ಮಾತೂ ಇಲ್ಲ, ನೀರಿಗೆ ಇಳಿಯುವುದಂತೂ ಪ್ರಾಣಕ್ಕೇ ಸಂಚಕಾರ.

ಈಚಿನ ವರ್ಷಗಳಲ್ಲಿ ಬಾಡಿಗೆ ಸ್ಕೂಟರ್ ಜನಪ್ರಿಯವಾಗಿದೆ. ವ್ಯಾಪಾರಿಗಳು ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ದ್ವಿಚಕ್ರ ವಾಹನಗಳನ್ನು ಬಾಡಿಗೆಗೆ ಕೊಡಲು ಕೇಂದ್ರ ಸರ್ಕಾರದ 1997ರ ಯೋಜನೆಯಡಿ ಪರವಾನಗಿ ಬೇಕು. ಅಂಥ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿ ಫಲಕದ ಸ್ವಂತ ವಾಹನವನ್ನು ದಿನಕ್ಕಿಷ್ಟೆಂದು ಕೊಟ್ಟು ಅಪಘಾತವಾದರೆ, ವಿಮಾ ಕಂಪನಿಯು ಪಾಲಿಸಿಯ ಷರತ್ತು ಮುರಿದಿದೆಯೆಂದು ತಕರಾರು ತೆಗೆಯಲು ಅವಕಾಶವಿದೆ. ಆಗ ಪರಿಹಾರದ ಹೊಣೆ ಮಾಲೀಕನ ತಲೆಯ ಮೇಲೆ ಬಂದೀತು. ದಿನದ ಕೆಲವು ನೂರು ರೂಪಾಯಿ ಬಾಡಿಗೆಗಾಗಿ ಅಂಗಡಿ, ಮನೆಗಳನ್ನೇ ಪಣಕ್ಕೊಡ್ಡಿದಂತೆ. ಚಾಲನಾ ಪರವಾನಗಿ ಇಲ್ಲದವನಿಗೆ ವಾಹನ ಕೊಟ್ಟರೆ ಓಡಿಸಿದವನಷ್ಟೇ ಅಲ್ಲ, ಕೊಟ್ಟವನೂ ಮೋಟಾರು ವಾಹನ ಕಾಯಿದೆಯ ಪ್ರಕಾರ ತಪ್ಪಿತಸ್ಥ. ಪ್ರವಾಸಿಯೂ ಫಲಕದ ಬಣ್ಣ ನೋಡಿ, ಕಾಗದಪತ್ರ ಕೇಳಿ ಪಡೆದು, ಹಿಂಬದಿ ಸವಾರನಿಗೂ ಸೇರಿ ಎರಡು ಹೆಲ್ಮೆಟ್ ತೆಗೆದುಕೊಳ್ಳಬೇಕು.

ಮಳೆಗಾಲದಲ್ಲಿ ಊರು ತಲುಪುವ ಮಾರ್ಗವೇ ಅನಿಶ್ಚಿತ. ಹುಬ್ಬಳ್ಳಿ ಕಡೆಯವರು ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಇಳಿಯಬೇಕು, ಶಿರಸಿ ಕಡೆಯವರು ದೇವಿಮನೆ ಘಟ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು; ಹೆದ್ದಾರಿ 66ರ ಸಂಚಾರ ಹಲವು ದಿನ ಕಡಿದುಹೋಯಿತು. ಮಳೆಯ ತಿಂಗಳುಗಳಲ್ಲಿ ಸರಕು ಕಳಿಸುವವರು ವಾಯಿದೆಯಲ್ಲಿ ಒಂದೆರಡು ದಿನ ಸಡಿಲಿಕೆ ಇಟ್ಟುಕೊಳ್ಳುವುದು ಅನಿವಾರ್ಯ.

ಸಮಯವಿದ್ದವರು ದಕ್ಷಿಣಕ್ಕೆ ತದಡಿಯವರೆಗೆ ಹೋಗಿಬರಬಹುದು. ಆ ಕಡೆ ಸಾಣಿಕಟ್ಟೆಯ ಉಪ್ಪಿನಾಗರಗಳಿವೆ. ಬಿಸಿಲುಗಾಲದಲ್ಲಿ ಪಾತಿಗಳಿಂದ ಉಪ್ಪು ಎಳೆಯುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ತದಡಿಯಿಂದ ದೋಣಿಯಲ್ಲಿ ನದಿ ದಾಟಿದರೆ ಅಘನಾಶಿನಿ ಗ್ರಾಮ, ಅಲ್ಲಿಂದ ಕುಮಟಾ. ಹೆದ್ದಾರಿಯ ದೀರ್ಘ ಸುತ್ತು ತಪ್ಪುತ್ತದೆ. ಹೊರಡುವ ಮುನ್ನ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ದಡದಲ್ಲಿಯೇ ವಿಚಾರಿಸಿಕೊಳ್ಳಬೇಕು.