ಸೈಟಿಗೆ ಮೊದಲು ತೋಟದ ಪಹಣಿ

ಕೊಬ್ಬರಿಗೆ ಬೆಲೆ ಬಂದ ವರ್ಷ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸೈಟಿನ ಮಾತು ಜೋರಾಗುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಆದರೂ ತಿಪಟೂರು ಎಪಿಎಂಸಿ ಹರಾಜಿನಲ್ಲಿ ಅಷ್ಟು ಸಿಗದೆ ರೈತರು ಬೀದಿಗಿಳಿದಿದ್ದರು, ನಾಫೆಡ್ ಖರೀದಿಗೆ ಸಾಲುಗಟ್ಟಿದ್ದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಹತ್ತು–ಹನ್ನೊಂದು ತಿಂಗಳು ಅಟ್ಟದಲ್ಲಿ ಕಾಯಿ ಒಣಗಿಸಿಟ್ಟು ಕಾದವರ ಕೈಯಲ್ಲಿ ಒಂದಿಷ್ಟು ದುಡ್ಡು ಆಡಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಫೋನು ಮಾಡಿ, ‘ಅಪ್ಪಾ, ಬಿ.ಎಚ್. ರಸ್ತೆ ಪಕ್ಕ ಒಂದು ಮೂವತ್ತು–ನಲವತ್ತು ಸೈಟು ತಗೊಂಡುಬಿಡೋಣ, ಆಮೇಲೆ ಕೈಗೆ ಸಿಗಲ್ಲ’ ಎನ್ನುವುದು ಇಂಥ ಹೊತ್ತಿನಲ್ಲೇ. ಓದಿಗೆ ಮಾಡಿದ ಸಾಲದ ಕಂತು ಮಾತ್ರ ಇನ್ನೂ ಓಡುತ್ತಲೇ ಇರುತ್ತದೆ.

ಸಾಲ ಇರುವವರು ಆಸ್ತಿ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಈ ಸೀಮೆಯ ಹುಡುಗ ಹುಡುಗಿಯರು ಆಸ್ತಿಯ ಲೆಕ್ಕ ಶುರುಮಾಡಬೇಕಾದ್ದು ಬೇರೆಯವರ ಬಡಾವಣೆಯಿಂದಲ್ಲ, ತಮ್ಮದೇ ತೋಟದ ಪಹಣಿಯಿಂದ.

ಮೊದಲು ಸಾಲವನ್ನೇ ನೋಡಿ. ನಮ್ಮ ಕಡೆ ಓದಿನ ಸಾಲ ಬ್ಯಾಂಕಿನ ಒಂದೇ ಖಾತೆಯಲ್ಲಿ ಇರುವುದು ಕಡಿಮೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ಹೆತ್ತವರು ಜೊತೆಗೆ ಸಹಿ ಹಾಕಬೇಕು, 7.5 ಲಕ್ಷದಾಚೆಗೆ ಆಸ್ತಿಯ ಅಡಮಾನ. ‘ತೋಟ ಇದೆಯಲ್ಲ’ ಎಂದು ಹೋದರೆ ಮ್ಯಾನೇಜರು ಹಿಂದೆಮುಂದೆ ನೋಡುತ್ತಾರೆ. ಕೋರ್ಟಿನ ಮೆಟ್ಟಿಲು ಹತ್ತದೆ ಅಡಮಾನದ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಅದಕ್ಕೆ. ಕೊನೆಗೆ ವಾಸದ ಮನೆ ಅಡವಾಗುತ್ತದೆ. ಸಾಲದೇ ಬಂದದ್ದಕ್ಕೆ ಸೊಸೈಟಿಯ ಬೆಳೆ ಸಾಲ, ಮಂಡಿಯಲ್ಲಿ ಮುಂಗಡ, ಅಮ್ಮನ ಒಡವೆ. ಇವೆಲ್ಲವೂ ಓದಿನ ಸಾಲವೇ. ಕೆಲಸ ಸಿಕ್ಕ ಮಕ್ಕಳಿಗೆ ಎಷ್ಟೋ ಸಲ ಇವುಗಳಲ್ಲಿ ಅರ್ಧದ ಸುದ್ದಿಯೇ ಗೊತ್ತಿರುವುದಿಲ್ಲ, ಅಪ್ಪ ಹೇಳಿರುವುದಿಲ್ಲ. ಕೂತು ಕೇಳಿ, ಬಡ್ಡಿ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಸಹಕಾರ ಸಂಘದ 5 ಲಕ್ಷದವರೆಗಿನ ಬೆಳೆ ಸಾಲಕ್ಕೆ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. ಹಾಗಾಗಿ ಅದನ್ನು ವಾಯಿದೆ ತಪ್ಪಿಸದೆ ಕಟ್ಟಿ, ದುಬಾರಿ ಬಡ್ಡಿಯದ್ದನ್ನು ಮೊದಲು ತೀರಿಸಿ.

ಬ್ಯಾಂಕಿನ ಶಿಕ್ಷಣ ಸಾಲ 7.5 ಲಕ್ಷ, ಬಡ್ಡಿ ಶೇ 10, ಅವಧಿ 10 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 9,900 ರೂಪಾಯಿ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ 8 ವರ್ಷ ಈ ಬಡ್ಡಿಯ ಮೇಲೆ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ. ಈಗ ಸೈಟಿನ ಕಡೆ ತಿರುಗಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6ರ ಆಸುಪಾಸು. 10 ಲಕ್ಷದ ಸೈಟಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ 76 ಸಾವಿರ ಕೈಬಿಡುತ್ತದೆ, ಅಂದರೆ ಏಳು ತಿಂಗಳಿಗೂ ಮೀರಿದ ಕಂತು. ಖಾಲಿ ಸೈಟು ಬಾಡಿಗೆ ತರುವುದಿಲ್ಲ. ಬೆಲೆ ಏರಬಹುದು, ಏರದೆಯೂ ಇರಬಹುದು. ಶೇ 10ರ ಸಾಲ ಬೇಗ ತೀರಿಸಿದರೆ ಉಳಿಯುವ ಬಡ್ಡಿ ಮಾತ್ರ ಖಾತ್ರಿ.

ಇನ್ನು ಪಹಣಿ. ಮೊಬೈಲಿನಲ್ಲೇ ರಾಜ್ಯದ ಭೂದಾಖಲೆಯ ‘ಭೂಮಿ’ ತಾಣ ತೆರೆದು ನಿಮ್ಮ ತೋಟದ ಸರ್ವೆ ನಂಬರು ಹಾಕಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ತೀರಿಕೊಂಡು ವರ್ಷಗಳೇ ಕಳೆದ ತಾತನ ಹೆಸರು, ಇಲ್ಲವೇ ಅಣ್ಣತಮ್ಮಂದಿರೆಲ್ಲರ ಹೆಸರಿನ ಮುಂದೆ ‘ಜಂಟಿ’. 11ನೇ ಕಾಲಂನಲ್ಲಿ ಸಾಲದ ನಮೂದು. ಕಟ್ಟಿ ತೀರಿಸಿದ ಮೇಲೂ ಯಾರೂ ತೆಗೆಸಲು ಹೋಗದೆ ಉಳಿದ ಹಳೇ ಸಾಲವೂ ಅಲ್ಲೇ ಕೂತಿರುತ್ತದೆ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ನಾಫೆಡ್‌ಗೆ ಕೊಬ್ಬರಿ ಕೊಡಲು ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಬೇಕು, ಅದು ನಿಲ್ಲುವುದು ಪಹಣಿಯ ಮೇಲೆ. ಸತ್ತವರ ಹೆಸರಿನ ತೋಟದ ಕೊಬ್ಬರಿಯನ್ನು ಬೆಂಬಲ ಬೆಲೆಗೆ ಕೊಡುವುದು ಹೇಗೆ?

ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸುವುದು ಈಗ ಮುಂಚಿನಷ್ಟು ಕಷ್ಟವಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹೊಂದಿಸಿಕೊಂಡು ಗ್ರಾಮ ಆಡಳಿತ ಅಧಿಕಾರಿಯ ಬಳಿ ಹೋಗಬೇಕು. 2025ರಲ್ಲಿ ಕಂದಾಯ ಇಲಾಖೆ ಇ–ಪೌತಿ ಆಂದೋಲನವನ್ನೇ ಶುರುಮಾಡಿತು. ಮನೆಯವರ ನಡುವಿನ ವಿಭಾಗ ಪತ್ರಕ್ಕೆ ಕ್ರಯಪತ್ರದ ಹಾಗೆ ಜಮೀನಿನ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ಪಾಲಿಗೆ ಇಷ್ಟು ಎಂದು ನಿಗದಿಯಾಗಿದೆ. ಪಾಲಿನ ಜೊತೆ ಅಳತೆಯ 11ಇ ನಕ್ಷೆ, ಸರ್ವೆ ನಂಬರು ಬೇರೆ ಮಾಡುವ ಪೋಡಿ ಮುಗಿದರೆ ಬದುವಿನ ತಕರಾರೂ ಮುಗಿಯುತ್ತದೆ. ಆದರೆ ತೋಟದ ಮೇಲೆ ಸಾಲವಿದ್ದರೆ ಪಾಲಿಗೆ ಮೊದಲು ಸಾಲ ಕೊಟ್ಟವರ ಒಪ್ಪಿಗೆ ಪಡೆಯಿರಿ.

ಇಲ್ಲಿ ಹೆಣ್ಣುಮಕ್ಕಳ ವಿಷಯ ಬಿಟ್ಟು ಮುಂದೆ ಹೋಗಲಾಗದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, 2005ರಲ್ಲಿ ದೇಶಕ್ಕೆಲ್ಲ ಅದೇ ಆಯಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೂ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಓದಿನ ಸಾಲ ಹೊತ್ತ ಮಗಳಿಗೆ ಇದು ದೊಡ್ಡ ಅನ್ಯಾಯ. ತನ್ನ ಕಂತು ತಾನೇ ಕಟ್ಟುವವಳು ತನಗೆ ಬರಬೇಕಾದ ಗುಂಟೆಗಳನ್ನು ಯಾಕೆ ಬಿಟ್ಟುಕೊಡಬೇಕು?

ತೋಟದ ದಾಖಲೆ ಬೇಗ ಸರಿಮಾಡಿಸಲು ಇನ್ನೊಂದು ಕಾರಣವಿದೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ದಾಖಲೆ ಗೋಜಲಾಗಿರುವ ತೋಟವನ್ನು ಕೊಳ್ಳುವವನು ಆ ಗೋಜಲನ್ನೇ ತೋರಿಸಿ ಬೆಲೆ ಇಳಿಸುತ್ತಾನೆ.

ಇಷ್ಟಾದ ಮೇಲೂ ಕೈಯಲ್ಲಿ ದುಡ್ಡು ಉಳಿದು, ಆರು ತಿಂಗಳ ಕಂತಿನಷ್ಟು ಬೇರೆ ಎತ್ತಿಟ್ಟಿದ್ದರೆ ಸೈಟು ನೋಡಿ. ‘ರೆವಿನ್ಯೂ ಸೈಟು, ಆಮೇಲೆ ಎಲ್ಲ ಸರಿಹೋಗುತ್ತೆ’ ಎನ್ನುವವರ ಬಳಿ ಮುಂಗಡ ಕೊಡಬೇಡಿ. ಕನ್ವರ್ಷನ್ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಇ–ಖಾತೆ ಅಥವಾ ಪಂಚಾಯಿತಿಯ 9 ಮತ್ತು 11ರ ನಮೂನೆ, ಹಿಂದಿನ ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.) ಕೇಳಿ. ಬಡಾವಣೆ 500 ಚದರ ಮೀಟರ್ ಮೀರಿದ್ದರೆ ರೇರಾ ನೋಂದಣಿ ಸಂಖ್ಯೆ ಕೇಳಿ. ಮೂಲ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರದಿಂದ ಮಂಜೂರಾಗಿದ್ದೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಹಾಗಿದ್ದು, ಸರ್ಕಾರದ ಅನುಮತಿ ಇಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಜಮೀನು ಮೂಲ ಕುಟುಂಬಕ್ಕೆ ಮರಳಬಹುದು. 2023ರ ತಿದ್ದುಪಡಿಯ ನಂತರ ಅದನ್ನು ಕೇಳಲು ಕಾಲಮಿತಿಯೂ ಇಲ್ಲ.