ತಿರುಗುವ ಮಣೆಯ ಮೇಲೆ ಹಂಪಿ

ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲೊಂದು ಕತ್ತಲೆ ಕೋಣೆಯಿದೆ. ಗೋಡೆಯ ಸಂದಿಯಿಂದ ಬೆಳಕು ತೂರಿ ಬಂದು, ಎದುರುಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ನಿಲ್ಲುತ್ತದೆ. ಗೈಡುಗಳು ಇದನ್ನು ನೆರಳು ಎನ್ನುತ್ತಾರೆ. ನೆರಳಲ್ಲ, ಬಿಂಬ. ಬೆಳಕು ನೇರವಾಗಿ ಚಲಿಸುವುದರಿಂದ ಕಳಶದಿಂದ ಹೊರಟ ಕಿರಣ ಸಂದಿಯನ್ನು ದಾಟಿ ಕೆಳಗಿಳಿಯುತ್ತದೆ, ಬುಡದಿಂದ ಹೊರಟದ್ದು ಮೇಲೇರುತ್ತದೆ. ಸಂದಿಯಿಂದ ಗೋಪುರ ನೂರು ಮೀಟರ್, ಗೋಡೆ ಎರಡೇ ಮೀಟರ್ ಎಂದಿಟ್ಟುಕೊಳ್ಳಿ. ಸುಮಾರು 50 ಮೀಟರಿನ ಗೋಪುರ ಒಂದು ಮೀಟರಿಗೆ ಇಳಿದುಬಿಡುತ್ತದೆ. ಇಲ್ಲದ ಕಡೆ ಕಟ್ಟಡವೊಂದನ್ನು ನಿಲ್ಲಿಸುವ ಆಟ ಹಂಪಿಗೆ ಹೊಸದಲ್ಲ.

2006ರಲ್ಲಿ ಫ್ರಾನ್ಸ್‌ನ ಲಿಲ್ ನಗರದಲ್ಲಿ ಇಡೀ ಹಂಪಿಯನ್ನೇ ಹೀಗೆ ನಿಲ್ಲಿಸಲಾಯಿತು. ಸಾರಾ ಕೆಂಡರ್ಡೈನ್ ಮತ್ತು ಆಸ್ಟ್ರೇಲಿಯಾದ ಜೆಫ್ರಿ ಶಾ ರೂಪಿಸಿದ ಆ ಕಲಾಕೃತಿಯ ಹೆಸರು ‘ಪ್ಲೇಸ್-ಹಂಪಿ’. ಶಾಗೆ ಈ ಹುಚ್ಚು ಹಳೆಯದು. 1989ರಲ್ಲೇ ಅವರು ಮ್ಯಾನ್‌ಹಟನ್ನಿನ ಬೀದಿಗಳ ನಕ್ಷೆಯ ಮೇಲೆ ಕಟ್ಟಡಗಳ ಬದಲು ದೈತ್ಯ ಅಕ್ಷರಗಳನ್ನು ನಿಲ್ಲಿಸಿ, ನಿಂತಲ್ಲೇ ನಿಂತ ಸೈಕಲ್ಲನ್ನು ತುಳಿಯುತ್ತ ಆ ಊರನ್ನು ಓದಿಕೊಂಡು ಸಾಗುವ ವ್ಯವಸ್ಥೆ ಮಾಡಿದ್ದರು. ‘ಪ್ಲೇಸ್’ ಯಂತ್ರದ ಮೊದಲ ರೂಪ ಬಂದದ್ದು 1995ರಲ್ಲಿ.

ಯಂತ್ರ ಎಂದೆನಲ್ಲ, ಅದನ್ನು ಸ್ವಲ್ಪ ಬಿಚ್ಚಿ ನೋಡೋಣ. ಒಂಬತ್ತು ಮೀಟರ್ ವ್ಯಾಸದ ದುಂಡನೆಯ ಪರದೆ, ನಿಮ್ಮ ಸುತ್ತಲೂ ಕಣಜದ ಗೋಡೆಯಂತೆ. ನಡುವೆ ನೀವು ನಿಲ್ಲುವ, ಮೋಟಾರಿನಿಂದ ತಿರುಗುವ ಮಣೆ. ಪ್ರೊಜೆಕ್ಟರುಗಳು ಇರುವುದು ಆ ಮಣೆಯ ಮೇಲೆಯೇ. ಪರದೆಯ ಸುತ್ತಳತೆ 28 ಮೀಟರಿಗೂ ಹೆಚ್ಚು. ಅಷ್ಟನ್ನೂ ಒಮ್ಮೆಲೇ ಬೆಳಗುವ ಗೋಜಿಗೆ ಹೋಗದೆ, ನೀವು ಮುಖ ಮಾಡಿದ ಕಡೆ ಸುಮಾರು ಮೂರರಲ್ಲೊಂದು ಪಾಲನ್ನಷ್ಟೇ ಬೆಳಗುತ್ತಾರೆ. ಕತ್ತಲೆಯ ಗುಡಿಯಲ್ಲಿ ದೀಪ ಹಿಡಿದು ಗೋಡೆಯ ಶಿಲ್ಪ ನೋಡಿದ ಹಾಗೆ. ಮಣೆ ತಿರುಗಿದರೆ ಬೆಳಕಿನ ಕಿಟಕಿ ಪರದೆಯ ಮೇಲೆ ಸರಿಯುತ್ತದೆ, ಚಿತ್ರ ಮಾತ್ರ ಇದ್ದಲ್ಲೇ ಇರುತ್ತದೆ.

ಅಗ್ಗದ ಉಪಾಯದಂತೆ ಕಾಣುವ ಇದರಲ್ಲೇ ಈ ಯಂತ್ರದ ಜಾಣತನವೆಲ್ಲ ಇದೆ ಎಂದು ನನಗನ್ನಿಸುತ್ತದೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದರೆ ದ್ರವ ಹಿಂದುಳಿಯುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಸಿನಿಮಾದಲ್ಲಿ ಕ್ಯಾಮೆರಾ ಗಿರ್ರನೆ ಸುತ್ತಿದಾಗ ‘ತಿರುಗುತ್ತಿದ್ದೇನೆ’ ಎನ್ನುತ್ತದೆ ಕಣ್ಣು, ‘ಇಲ್ಲವಲ್ಲ’ ಎನ್ನುತ್ತದೆ ಕಿವಿ. ಈ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಪ್ಲೇಸ್‌ನಲ್ಲಿ ನೀವು ನಿಜಕ್ಕೂ ತಿರುಗುತ್ತೀರಿ, ಹಾಗಾಗಿ ಕಣ್ಣು-ಕಿವಿ ಒಂದೇ ಸಾಕ್ಷಿ ನುಡಿಯುತ್ತವೆ. ಮುಂದಕ್ಕೆ ಚಲಿಸಿದಾಗ ಮಾತ್ರ ಮೋಸವೇ. ಮಣೆ ಅಲ್ಲೇ, ಹಂಪಿ ಹತ್ತಿರ ಬರುತ್ತದೆ.

ಇನ್ನು ಚಿತ್ರ. ಹಂಪಿಯನ್ನು ದಶಕಗಳಿಂದ ಸೆರೆಹಿಡಿಯುತ್ತ ಬಂದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ತೆಗೆದವು ಇವು. ಮೂರು ಆಯಾಮದ ಕನ್ನಡಕ ಹಾಕಿ ನೋಡಬೇಕು. ಆಳ ಕಾಣಬೇಕಾದರೆ ಎರಡು ಕಣ್ಣಿಗೆ ಎರಡು ಚಿತ್ರ ಬೇಕು. ಸುಮಾರು ಆರೂವರೆ ಸೆಂಟಿಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾ ಇಟ್ಟು, ಎರಡರಲ್ಲೂ ಸುತ್ತಲಿನ ನೋಟ ಹಿಡಿದರಾಯಿತಲ್ಲ? ಆಗದು. ಎದುರಿಗೆ ನೋಡುವಾಗ ಸರಿ. ಪಕ್ಕಕ್ಕೆ ತಿರುಗಿದರೆ ಒಂದು ಕ್ಯಾಮೆರಾ ಇನ್ನೊಂದರ ಬೆನ್ನಿಗೆ ಬಂದು ಆಳ ಮಾಯ. ಪೂರ್ತಿ ಹಿಂದಕ್ಕೆ ತಿರುಗಿದರೆ ಎಡಗಣ್ಣು ಬಲವಾಗಿ, ಹಳ್ಳ ಉಬ್ಬಾಗುತ್ತದೆ.

ಅದಕ್ಕೇ ಎರಡು ಲೆನ್ಸುಗಳನ್ನು ಒಂದೇ ತೋಳಿಗೆ ಬಿಗಿದು, ಮನುಷ್ಯ ತಲೆ ತಿರುಗಿಸುವಂತೆ ಒಟ್ಟಿಗೆ ಸುತ್ತಿಸಬೇಕು. ಸುತ್ತುವ ಕ್ಯಾಮೆರಾ ದೃಶ್ಯವನ್ನು ಒಂದೇ ಗುಕ್ಕಿಗೆ ನುಂಗುವುದಿಲ್ಲ. ಕಿರಿದಾದ ನಿಲುವು ಸೀಳಿನಲ್ಲಿ ಇಣುಕುತ್ತ ನೋಟವನ್ನು ಎಳೆ ಎಳೆಯಾಗಿ ನೇಯುತ್ತದೆ. ಇಂಥ ಕ್ಯಾಮೆರಾ ತಿರುಗುವ ದಿಕ್ಕಿನಲ್ಲೇ ಯಾರಾದರೂ ನಡೆದರೆ ಸೀಳಿನಲ್ಲಿ ಹೆಚ್ಚು ಹೊತ್ತು ಉಳಿದು ಚಿತ್ರದಲ್ಲಿ ಡೊಳ್ಳು ಹೊಟ್ಟೆಯವರಾಗುತ್ತಾರೆ. ಎದುರು ನಡೆದವರು ಕಡ್ಡಿಯಾಗುತ್ತಾರೆ. ಬಂಡೆಗಳಿಗೆ ಈ ಚಿಂತೆಯಿಲ್ಲ.

ಹೀಗೆ ನೇಯ್ದ ಒಂದೊಂದು ನೋಟವೂ ಕಂಪ್ಯೂಟರಿನೊಳಗಿನ ಕಲ್ಪಿತ ಬಯಲಿನಲ್ಲಿ ದುಂಡನೆಯ ಪೀಪಾಯಿಯಂತೆ ನಿಂತಿರುತ್ತದೆ. ಒಂದರೊಳಕ್ಕೆ ನುಗ್ಗಿ ನಟ್ಟನಡುವೆ ನಿಂತರೆ ಪೀಪಾಯಿಯೂ ನಿಜದ ಪರದೆಯೂ ಒಂದಾಗಿಬಿಡುತ್ತವೆ. ಸುತ್ತ ಬಂಡೆ, ಮಂಟಪ, ಎಲ್. ಸುಬ್ರಹ್ಮಣ್ಯಂ ಅವರ ಕರ್ನಾಟಕ ಸಂಗೀತ. ಆಮೇಲೆ ಹನುಮಂತ ಬರುತ್ತಾನೆ.

ಬಿದ್ದ ಅರಮನೆಯನ್ನು ಎಬ್ಬಿಸುವುದು ಕಂಪ್ಯೂಟರಿಗೆ ಸುಲಭ. ಹಂಪಿಯ ಅರಮನೆಗಳ ಮರದ ಭಾಗವೆಲ್ಲ ಹೋಗಿ ಕಲ್ಲಿನ ಜಗತಿಯಷ್ಟೇ ಉಳಿದಿರುವುದರಿಂದ ಆಸೆಯೂ ಹುಟ್ಟುತ್ತದೆ. ಆದರೆ ಮೇಲ್ಚಾವಣಿ ಹೇಗಿತ್ತೆಂದು ಹೇಳುವವರು ಯಾರು? ಶಾ ಮತ್ತು ಕೆಂಡರ್ಡೈನ್ ಆ ಉಸಾಬರಿಗೆ ಹೋಗದೆ ಹಾಳನ್ನು ಹಾಳಾಗಿಯೇ ಬಿಟ್ಟು, ದೇವರುಗಳನ್ನು ಅನಿಮೇಷನ್ನಿನಲ್ಲಿ ಕರೆತಂದರು. ನನಗೆ ಇದೇ ಸರಿಯೆನಿಸುತ್ತದೆ. ಊರಿನವರ ಪಾಲಿಗೆ ಅದು ಕಿಷ್ಕಿಂಧೆ, ಹೊಳೆಯಾಚೆ ಅಂಜನಾದ್ರಿ. ಹನುಮ ಅಲ್ಲಿ ಹೊರಗಿನವನಲ್ಲ.

2012ರಲ್ಲಿ ಈ ಯಂತ್ರ ಊರಿನ ಹತ್ತಿರಕ್ಕೇ ಬಂತು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನ ಕಲಾಧಾಮ ಮ್ಯೂಸಿಯಂಗೆ. ಆದರೆ ಯಂತ್ರಕ್ಕೊಂದು ಮಿತಿಯಿದೆ. ಪ್ರತಿ ನೋಟಕ್ಕೂ ಕ್ಯಾಮೆರಾ ನಿಂತದ್ದು ಒಂದೇ ಬಿಂದುವಿನಲ್ಲಿ, ಆದ್ದರಿಂದ ಕಲ್ಲಿನ ಕಂಬದ ಹಿಂದೆ ಏನಿದೆಯೆಂದು ಬಗ್ಗಿ ನೋಡಿದರೆ ಏನೂ ಕಾಣದು. ಅಷ್ಟು ಬೇಕಾದರೆ ಹೊಸಪೇಟೆ ದಾರಿ ಹಿಡಿದು ಹಂಪಿಗೇ ಹೋಗಬೇಕು. ಮ್ಯೂಸಿಯಂ, ಹಂಪಿ ಎರಡೂ ಸೇರಿ ಒಂದು ದಿನದ ಕೆಲಸ.