ಪ್ರೌಢಶಾಲೆಯ ಕುಟುಂಬ ವಾರ್ತೆ
(ಕಾಸರಗೋಡಿನ ಕಥೋಲಿಕ ಶಾಲೆಗಳನ್ನು ಕುರಿತು)

ಶಾಲೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹುಡುಕುತ್ತಾರೆ: ಸ್ಥಾಪನೆಯಾದ ವರ್ಷ, ಕಟ್ಟಡ ಕಟ್ಟಿಸಿದವರ ಹೆಸರು, ಮುಖ್ಯೋಪಾಧ್ಯಾಯರ ಪಟ್ಟಿ. ಇವು ದೊರೆತರೆ ಬೆಳ್ಳಿಹಬ್ಬದ ಸಂಚಿಕೆಗೆ ಸಾಕಾಗುತ್ತದೆ. ಆದರೆ ಆ ಶಾಲೆಗೆ ಮಕ್ಕಳನ್ನು ಕಳುಹಿದ ಮನೆಗಳು ಯಾವುವು, ಆ ಮಕ್ಕಳು ಬೆಳೆದು ಎಲ್ಲಿ ನೆಲೆಸಿದರು, ಯಾವ ಮನೆಯವರು ಊರು ಬಿಟ್ಟರು ಎಂದು ಯಾರಾದರೂ ಕೇಳಿದರೆ ಶಾಲೆಯ ಕಪಾಟು ಮೌನವಾಗುತ್ತದೆ. ನಿವೃತ್ತರಾದ ಮಾಸ್ತರರೊಬ್ಬರನ್ನು ಹುಡುಕಿಕೊಂಡು ಹೋಗಿ, ಅವರ ಜಗಲಿಯಲ್ಲಿ ಕುಳಿತು ಕೇಳಬೇಕಾಗುತ್ತದೆ. ಅವರು ಇಲ್ಲವಾದ ಮೇಲೆ ಕೇಳುವುದಕ್ಕೆ ಜಾಗವಿಲ್ಲ.

ಮದುವೆ, ಹೆರಿಗೆ, ಮರಣ, ವಲಸೆ, ದೀಕ್ಷೆ, ಉದ್ಯೋಗ ಇವುಗಳ ಸುದ್ದಿಯನ್ನು ಈ ಲೇಖನದಲ್ಲಿ ನಾವು ಕುಟುಂಬ ವಾರ್ತೆ ಎಂದು ಕರೆಯುತ್ತೇವೆ. ಇಂಥ ವಾರ್ತೆಯು ಶಾಲೆಯ ಬಾಳಿಗೆ ಹೇಗೆ ಸೇರಿಕೊಂಡಿದೆ, ಅದು ಎಲ್ಲಿ ದಾಖಲಾಗುತ್ತದೆ, ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ವಿವರಿಸುವುದು ಇಲ್ಲಿಯ ಉದ್ದೇಶ. ಉದಾಹರಣೆಗೆ ಕಥೋಲಿಕ ಪ್ರೌಢಶಾಲೆಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಅವುಗಳ ಪಕ್ಕದಲ್ಲಿ ಇಗರ್ಜಿಯಿದೆ. ಇಗರ್ಜಿಯಲ್ಲಿ ಮನುಷ್ಯನ ಲೆಕ್ಕವನ್ನು ಹುಟ್ಟಿನಿಂದ ಸಾವಿನವರೆಗೆ ಇಡುವ ಪುಸ್ತಕಗಳಿವೆ. ಶಾಲೆಯ ಪುಸ್ತಕವನ್ನು ಅವುಗಳ ಮಗ್ಗುಲಲ್ಲಿಟ್ಟು ನೋಡಿದರೆ ನಮ್ಮ ಕೊರತೆ ತಾನಾಗಿ ಕಾಣುತ್ತದೆ.

ಚಂದ್ರಗಿರಿ ಹೊಳೆಯ ಉತ್ತರಕ್ಕೆ ಮಂಜೇಶ್ವರ, ಕಯ್ಯಾರು, ಕುಂಬಳೆ, ಬೇಳ ಮುಂತಾದ ಕಡೆಗಳಲ್ಲಿ ಕೊಂಕಣಿ ಮನೆಮಾತಿನ ಕಥೋಲಿಕರು ಬಹುಕಾಲದಿಂದ ನೆಲೆಸಿದ್ದಾರೆ. ಬೇಳದ ವ್ಯಾಕುಲಮಾತೆಯ ಇಗರ್ಜಿ 1890ರಷ್ಟು ಹಳೆಯದು. ಆಗ ಇದೆಲ್ಲ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು; ರಾಜ್ಯದ ಗಡಿ ತಲಪಾಡಿಗೆ ಬಂತು. ಇಗರ್ಜಿಯ ಗಡಿ ಮಾತ್ರ ಕದಲಲಿಲ್ಲ. 1886ರಲ್ಲಿ ರಚಿತವಾದ ಮಂಗಳೂರು ಧರ್ಮಪ್ರಾಂತ್ಯಕ್ಕೇ ಈ ಊರುಗಳ ಇಗರ್ಜಿಗಳು ಇಂದಿಗೂ ಸೇರಿವೆ. ಆದ್ದರಿಂದ ಇಲ್ಲಿಯ ಶಾಲೆಗೆ ಸುತ್ತೋಲೆ ಬರುವುದು ತಿರುವನಂತಪುರದಿಂದ. ಅದರ ಪಕ್ಕದ ಇಗರ್ಜಿಗೆ ಬಿಷಪರ ಪತ್ರ ಬರುವುದು ಮಂಗಳೂರಿನಿಂದ. ಒಂದೇ ಅಂಗಳದೊಳಗೆ ಎರಡು ಭೂಪಟಗಳು!

ಇನ್ನು ಇಗರ್ಜಿಯ ಪುಸ್ತಕದ ವಿಚಾರ. ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. 1907ರಲ್ಲಿ ರೋಮಿನಿಂದ ಹೊರಟ ಶಾಸನವೊಂದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಒಬ್ಬನ ಮದುವೆ ಎಲ್ಲಿಯೇ ನಡೆಯಲಿ, ಆ ಸಂಗತಿಯನ್ನು ಅವನು ಜ್ಞಾನಸ್ನಾನ ಪಡೆದ ಊರಿಗೆ ತಿಳಿಸಿ, ಅಲ್ಲಿಯ ಪುಸ್ತಕದಲ್ಲಿ ಅವನ ಹೆಸರಿನ ಬಳಿ ಬರೆಸಬೇಕು. ಈ ನಿಯಮ ಈಗಲೂ ಇದೆ. ಬೇಳದಲ್ಲಿ ಜ್ಞಾನಸ್ನಾನವಾದ ಹುಡುಗಿ ಮುಂಬಯಿಯಲ್ಲಿ ಮದುವೆಯಾದರೆ ಅಲ್ಲಿಯ ಪಾದ್ರಿಗಳ ಪತ್ರ ಬೇಳಕ್ಕೆ ಬರುತ್ತದೆ; ಇಪ್ಪತ್ತೈದು ವರ್ಷ ಹಿಂದಿನ ಹಾಳೆಯ ಅಂಚಿನಲ್ಲಿ ಹೊಸ ಮಸಿಯ ಒಂದು ಸಾಲು ಸೇರುತ್ತದೆ. ಹುಟ್ಟಿದ ಊರಿನ ಪುಸ್ತಕವು ಮನುಷ್ಯನನ್ನು ಹುಡುಕಿಕೊಂಡು ಹೋಗುವ ಈ ಏರ್ಪಾಡು ಲೌಕಿಕ ಕಚೇರಿಗಳಲ್ಲಿ ನಾವು ಕಂಡದ್ದಲ್ಲ. ಮದುವೆಗೆ ಮುಂಚೆ ವಧೂವರರ ಹೆಸರನ್ನು ಭಾನುವಾರದ ಪೂಜೆಯಲ್ಲಿ ಓದಿ, ಅಡ್ಡಿಯಿದ್ದವರು ತಿಳಿಸಬೇಕೆಂದು ಸಾರುವ ಪದ್ಧತಿಯೂ ಉಂಟಷ್ಟೆ. ಗಂಡು ಕಯ್ಯಾರಿನವನು, ಹೆಣ್ಣು ಕಿನ್ನಿಗೋಳಿಯವಳು ಎಂದಾದರೆ ಎರಡೂ ಊರುಗಳಲ್ಲಿ ಓದುತ್ತಾರೆ. ರಾಜ್ಯದ ಗಡಿ ನಡುವೆ ಇರುವುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಅದೇ ಕುಟುಂಬದ ಮಗುವೊಂದು ಕಿನ್ನಿಗೋಳಿಯ ಶಾಲೆಯಿಂದ ಕಯ್ಯಾರಿಗೆ ಬಂದರೆ, ಅದರ ವರ್ಗಾವಣೆ ಪತ್ರಕ್ಕೆ ಮೇಲಧಿಕಾರಿಯ ಸಹಿ ಉಂಟೋ ಇಲ್ಲವೋ ಎಂದು ನಾವು ತಿರುಗಿಸಿ ನೋಡುತ್ತೇವೆ.

ಶಾಲೆಯ ದಾಖಲಾತಿ ಪುಸ್ತಕವನ್ನು ಅಧ್ಯಾಪಕರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಪೋಷಕರು, ಉದ್ಯೋಗ, ಮನೆಹೆಸರು, ಜನ್ಮದಿನಾಂಕ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ. ಅಲ್ಲಿಗೆ ಮುಗಿಯಿತು. ಬಿಟ್ಟ ಕಾರಣದ ಅಂಕಣದಲ್ಲಿ ‘ವ್ಯಾಸಂಗ ಪೂರ್ಣ’ ಎಂದು ಬರೆದ ಕ್ಷಣದಿಂದ ಆ ಮಗು ನಮ್ಮ ಪುಸ್ತಕದ ಪಾಲಿಗೆ ಇಲ್ಲ. ಇಗರ್ಜಿಯ ಪುಸ್ತಕಕ್ಕೆ ಅಂಚಿದೆ. ಶಾಲೆಯ ಪುಸ್ತಕಕ್ಕೆ ಅಂಚಿಲ್ಲ. ಮುಖ್ಯವಾದ ಇನ್ನೊಂದು ಮಾತು: ಇಗರ್ಜಿಯ ಪುಸ್ತಕದಲ್ಲಿ ಇರುವುದು ಕಥೋಲಿಕರ ಹೆಸರು ಮಾತ್ರ. ನಮ್ಮ ತರಗತಿಗಳಲ್ಲೋ ‘ಪೊರ್ಬು’ಗಳ ಮಕ್ಕಳ ಪಕ್ಕದಲ್ಲಿ ಬಂಟರ, ಬಿಲ್ಲವರ, ಹವ್ಯಕರ, ಮರಾಟಿಗರ, ಬ್ಯಾರಿಗಳ, ಮಾಪಿಳ್ಳೆಗಳ ಮಕ್ಕಳು ಕುಳಿತಿದ್ದಾರೆ. ಸಪ್ತಭಾಷೆಗಳ ಊರೆಂದು ಕಾಸರಗೋಡನ್ನು ಹೊಗಳುವುದು ಭಾಷಣಗಳಲ್ಲಿ ವಾಡಿಕೆ. ಆ ಏಳೂ ಭಾಷೆಯ ಮನೆಗಳು ಒಂದೇ ಹಾಜರಿ ಪುಸ್ತಕದಲ್ಲಿ ಸೇರುವ ಸ್ಥಳ ಇಂಥ ಪ್ರೌಢಶಾಲೆ. ಈ ಎಲ್ಲರ ಕುಟುಂಬ ವಾರ್ತೆಯನ್ನು ಒಟ್ಟಾಗಿ ಇಡಬಲ್ಲವರು ಬೇರೆ ಯಾರೂ ಇಲ್ಲ.

ಹಾಗೆಂದು ಶಾಲೆಯಲ್ಲಿ ವಾರ್ತೆಗೆ ಬರವಿದೆಯೆ? ಎಷ್ಟುಮಾತ್ರಕ್ಕೂ ಇಲ್ಲ. ಬೆಳಗಿನ ಪ್ರಾರ್ಥನಾ ಸಭೆಯಲ್ಲಿಯೇ ಅರ್ಧ ಊರಿನ ಸುದ್ದಿ ತಿಳಿಯುತ್ತದೆ. ಹಳೆಯ ವಿದ್ಯಾರ್ಥಿಯ ತಾಯಿ ತೀರಿಕೊಂಡರೆ ಒಂದು ನಿಮಿಷದ ಮೌನ. ಪಾಠ ಹೇಳುವ ಭಗಿನಿಯೊಬ್ಬರು ವ್ರತ ಸ್ವೀಕರಿಸಿ ಇಪ್ಪತ್ತೈದು ವರ್ಷವಾದರೆ ಸಿಹಿತಿಂಡಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ತರುತ್ತಾರೆ; ಗದ್ದೆಯಂಚಿನ ಹೂವಿಗೆ ಜಾತಿಯುಂಟೆ, ಬೇರೆ ಮತದ ಮಕ್ಕಳೂ ಕೊಯ್ದು ಗೆಳೆಯರ ಕೈಯಲ್ಲಿ ಕೊಡುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಹೊಸ ಅಕ್ಕಿಯ ಊಟಕ್ಕೆ ದೂರದ ಮಕ್ಕಳು ಮನೆಗೆ ಬರುವುದು ರೂಢಿ; ಬಾರದಿದ್ದವರ ಪಾಲನ್ನು ತೆಗೆದಿಡುವ ಮನೆಗಳೂ ಉಂಟು. ಮರುದಿನ ತರಗತಿಯಲ್ಲಿ ವಿಚಾರಿಸಿದರೆ ಯಾರ ಅಣ್ಣ ಬಂದ, ಯಾರ ತಂದೆಗೆ ಕೊಲ್ಲಿಯಿಂದ ರಜೆ ಸಿಗಲಿಲ್ಲ ಎಂಬುದು ತಿಳಿಯುತ್ತದೆ. ಮದುವೆಯ ಹಿಂದಿನ ದಿನದ ರೋಸಿಗೆ, ಅಂದರೆ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೆ, ಅಕ್ಕನ ಪಕ್ಕದಲ್ಲಿ ನಿಲ್ಲಬೇಕೆಂದು ತಂಗಿ ರಜೆಯ ಚೀಟಿ ತಂದರೆ ಆ ಚೀಟಿಯೂ ವಾರ್ತೆಯೇ. ಇಗರ್ಜಿಯ ಒಂದೊಂದು ವಾಡೆಗೂ ಗುರ್ಕಾರನೆಂಬ ಮುಖಂಡನಿರುತ್ತಾನೆ. ರೋಗಿಗಳ, ಬಡವರ ಸಂಗತಿ ಮೊದಲು ಅವನಿಗೆ ಗೊತ್ತು. ತರಗತಿಯ ಅಧ್ಯಾಪಕರೂ ಒಂದು ಬಗೆಯ ಗುರ್ಕಾರರೇ ಸರಿ.

ಹೀಗೆ ಬಂದ ವಾರ್ತೆ ಬಾಯಿಂದ ಬಾಯಿಗೆ ಹೋಗಿ ಆರಿಹೋಗುತ್ತದೆ. ಅದನ್ನು ಅಚ್ಚಿನಲ್ಲಿ ನಿಲ್ಲಿಸುವ ಮಾದರಿ ನಮ್ಮ ಕರಾವಳಿಗೆ ಹೊಸದಲ್ಲ. ಜೆಸುವಿತರು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು 1897ರಲ್ಲಿ ‘ಮಂಗಳೂರು ಮ್ಯಾಗಜಿನ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿತು. ತಾನು ಕಾಲೇಜಿನ ದಾಖಲೆಯೆಂದು ಆ ಪತ್ರಿಕೆ ತನ್ನನ್ನು ಕರೆದುಕೊಂಡಿತ್ತು. ಶಾಲೆಯೊಂದು ತನ್ನವರ ಲೆಕ್ಕವನ್ನು ತಾನೇ ಇಡಬೇಕೆಂಬ ಅರಿವು ಆ ‘ದಾಖಲೆ’ ಎಂಬ ಮಾತಿನಲ್ಲಿದೆ. ಇಂಗ್ಲಿಷ್ ಬಾರದ ಮನೆಗಳಿಗೆ 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆ ಬಂದವು. ಇವೆರಡರ ಭಾಷೆ ಕೊಂಕಣಿ, ಲಿಪಿ ಕನ್ನಡ.

ಈ ಲಿಪಿಯ ಸಂಗತಿಯ ಮೇಲೆ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಗೋವೆಯಲ್ಲಿ ಕೊಂಕಣಿಗೆ ದೇವನಾಗರಿಯೂ ರೋಮನ್ ಲಿಪಿಯೂ ಇವೆ. ನಮ್ಮ ಕರಾವಳಿಯ ಕಥೋಲಿಕರು ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆಯುತ್ತ ಬಂದಿದ್ದಾರೆ. ಪ್ರಾರ್ಥನೆಯ ಪುಸ್ತಕ ಕನ್ನಡ ಅಕ್ಷರದಲ್ಲಿ, ಕೀರ್ತನೆಯ ಪುಸ್ತಕ ಕನ್ನಡ ಅಕ್ಷರದಲ್ಲಿ, ಮುಂಬಯಿಯ ಮಗನಿಗೆ ತಾಯಿ ಬರೆಯುತ್ತಿದ್ದ ಕಾಗದ ಕನ್ನಡ ಅಕ್ಷರದಲ್ಲಿ, ಸಮಾಧಿಯ ಮೇಲಿನ ಬರೆಹವೂ ಬಹುಮಟ್ಟಿಗೆ ಹಾಗೆಯೇ. ಐದನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಕೂಡ ತನ್ನ ಮನೆಮಾತನ್ನು ಓದಲು ಶಕ್ತಳಾದದ್ದು ಕನ್ನಡ ಶಾಲೆಯ ಕಾಗುಣಿತದಿಂದ. ಆದಕಾರಣ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಒಂದು ವಿಭಾಗ ಮುಚ್ಚಿದರೆ ನಷ್ಟವಾಗುವುದು ಕನ್ನಡಕ್ಕೆ ಮಾತ್ರವೆಂದು ತಿಳಿಯಬಾರದು. ಇಂಗ್ಲಿಷ್ ಮತ್ತು ಮಲಯಾಳವನ್ನಷ್ಟೇ ಕಲಿತ ಮೊಮ್ಮಗನಿಗೆ ಅಜ್ಜಿಯ ಕೊಂಕಣಿ ಮಾತು ಕಿವಿಗೆ ತಿಳಿಯುತ್ತದೆ. ಅದೇ ಅಜ್ಜಿಯ ಕಾಗದ ಕಣ್ಣಿಗೆ ತಿಳಿಯುವುದಿಲ್ಲ. ಜೂನಿನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುವಾಗ ನಮಗೆ ಹುದ್ದೆಯ ಚಿಂತೆ. ಆ ಎಣಿಕೆಯ ಹಿಂದೆ ಈ ಚಿಂತೆಯೂ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಹೆಸರುಗಳ ತೊಡಕನ್ನು ಸಂಶೋಧಕರಿಗಾಗಿ ಹೇಳಬೇಕು. ಇಗರ್ಜಿಯ ಹಳೆಯ ಪುಸ್ತಕ ಲ್ಯಾಟಿನಿನಲ್ಲಿದ್ದರೆ ಹುಡುಗ ‘ಪೇತ್ರುಸ್’. ಮನೆಯಲ್ಲಿ ‘ಪೆದ್ರು’. ಶಾಲೆಯ ಪುಸ್ತಕದಲ್ಲಿ ‘ಪೀಟರ್’. ಕುಲನಾಮವೂ ಹಾಗೆಯೇ: ಡಿಸೋಜ, ಡಿಸೋಜಾ, ಡಿಸೂಜ, ಸೋಜ. ಕನ್ನಡದಲ್ಲಿ ಬರೆದುದನ್ನು ಮಲಯಾಳಕ್ಕೂ ಇಂಗ್ಲಿಷಿಗೂ ತಿರುಗಿಸಿ ಗಣಕಯಂತ್ರದ ‘ಸಂಪೂರ್ಣ’ದಲ್ಲಿ ತುಂಬುವಾಗ ಮತ್ತೊಂದು ರೂಪ ಹುಟ್ಟುತ್ತದೆ. ಮಂಗಳೂರಿನಲ್ಲಿ ಕುಲನಾಮವೇ ಗುರುತು. ಕೇರಳದ ಕಾಗದಪತ್ರಗಳಲ್ಲಿ ಮೊದಲಕ್ಷರ ಮತ್ತು ಮನೆಹೆಸರಿಗೆ ಬೆಲೆ. ಅಣ್ಣನ ಪತ್ರದಲ್ಲಿ ಒಂದು ವಿಧ, ತಂಗಿಯ ಪತ್ರದಲ್ಲಿ ಇನ್ನೊಂದು ವಿಧವಾದರೆ ಮುಂದೆ ಪಾಸ್‌ಪೋರ್ಟಿನ ಹೊತ್ತಿಗೆ ಪರೀಕ್ಷಾ ಭವನದ ಬಾಗಿಲು ತಟ್ಟಬೇಕಾಗುತ್ತದೆ. ಐವತ್ತು ವರ್ಷ ಕಳೆದ ಮೇಲೆ ಬರುವ ಸಂಶೋಧಕನು ಒಬ್ಬನನ್ನು ಮೂವರೆಂದು ಎಣಿಸಿದರೆ ತಪ್ಪು ಅವನದೆನ್ನುವಂತಿಲ್ಲ. ಕುಟುಂಬ ವಾರ್ತೆಯ ಒಂದು ಸಾಲಿನಲ್ಲಿ ‘ಪೀಟರ್, ಮನೆಯಲ್ಲಿ ಪೆದ್ರು, ಇಂಥ ಮನೆ, ಇಂಥವರ ಎರಡನೆಯ ಮಗ’ ಎಂದು ಬರೆದಿದ್ದರೆ ಗಂಟು ಅಲ್ಲಿಯೇ ಬಿಚ್ಚುತ್ತದೆ.

ಈಗ ವಾಟ್ಸಾಪಿನ ಗುಂಪುಗಳು ಈ ಕೆಲಸವನ್ನು ಮಾಡುತ್ತಿಲ್ಲವೆ ಎಂದು ಕಿರಿಯ ಅಧ್ಯಾಪಕರು ಕೇಳಬಹುದು. ಮಾಡುತ್ತಿವೆ, ಬಹಳ ಬೇಗ ಮಾಡುತ್ತಿವೆ. ಬೇಳದ ಮರಣದ ಸುದ್ದಿ ಶವಪೆಟ್ಟಿಗೆ ಬರುವುದಕ್ಕೆ ಮೊದಲೇ ದುಬೈಗೆ ತಲಪುತ್ತದೆ. ಆದರೆ ಕೈಫೋನು ಕೆಟ್ಟರೆ ಹೋಯಿತು. ಗುಂಪು ಒಡೆದರೆ ಹೋಯಿತು. ಸಾಲದ್ದಕ್ಕೆ ಅಲ್ಲಿಯ ಕೊಂಕಣಿ ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಒಬ್ಬರ ಬರೆವಣಿಗೆ ಇನ್ನೊಬ್ಬರಂತಿಲ್ಲ. ಸುದ್ದಿ ಮುಟ್ಟಿಸುವುದು ಒಂದು ಕೆಲಸ, ಇಟ್ಟುಕೊಳ್ಳುವುದು ಮತ್ತೊಂದು.

ಇಟ್ಟುಕೊಳ್ಳಲು ದೊಡ್ಡ ಸಂಪನ್ಮೂಲವೇನೂ ಬೇಡ. ಗಟ್ಟಿ ರಟ್ಟಿನ ಒಂದು ನೋಟುಪುಸ್ತಕ, ವರ್ಷಕ್ಕೆ ಎಂಟು ಹತ್ತು ಹಾಳೆ, ಎಡಕ್ಕೆ ಅಗಲವಾದ ಅಂಚು. ಬರೆಯುವ ಹೊಣೆ ಒಬ್ಬ ಅಧ್ಯಾಪಕರಿಗೆ. ಮುಖ್ಯೋಪಾಧ್ಯಾಯರ ಮೇಲೆ ಹೊರಿಸಬಾರದು, ಅವರ ಮೇಜು ಈಗಾಗಲೇ ತುಂಬಿದೆ. ಹಳೆಯ ವಿದ್ಯಾರ್ಥಿ ತನ್ನ ಮಗುವನ್ನು ಸೇರಿಸಲು ಬಂದಾಗ ಅವನ ಹಳೆಯ ಕ್ರಮಸಂಖ್ಯೆಯನ್ನು ಕೇಳಿ, ಹುಡುಕಿ, ಮಗುವಿನ ಸಂಖ್ಯೆಯ ಎದುರಿಗೆ ಬರೆದರೆ ಸಾಕು, ಎರಡು ತಲೆಮಾರುಗಳು ಕೂಡಿಕೊಳ್ಳುತ್ತವೆ. ಇದಕ್ಕಿಂತ ಸುಲಭವಾದ ಸಂಶೋಧನೆ ನಮಗೆ ತಿಳಿಯದು.

ಏನನ್ನು ಬರೆಯಬಾರದೆಂಬುದೂ ಅಷ್ಟೇ ಮುಖ್ಯ. ಮನೆಯವರು ಒಪ್ಪದೆ ಏನನ್ನೂ ಅಚ್ಚು ಹಾಕಕೂಡದು. ಸಾಲ, ವ್ಯಾಜ್ಯ, ಕಾಯಿಲೆ, ಮುರಿದ ಮದುವೆ ಇವು ಅಧ್ಯಾಪಕರ ಕಿವಿಗೆ ಬೀಳುತ್ತವೆ, ಅಲ್ಲಿಯೇ ಉಳಿಯಬೇಕು. ಮಗು ನಂಬಿ ಹೇಳಿದ್ದು ವಾರ್ತೆಯಲ್ಲ. ಒಂದು ಮತದವರ ಸುದ್ದಿ ಎರಡು ಪುಟ, ಉಳಿದವರದು ಎರಡು ಸಾಲು ಎಂದಾಗದಂತೆಯೂ ನೋಡಿಕೊಳ್ಳಬೇಕು. ಕಥೋಲಿಕ ಶಾಲೆಯಲ್ಲಿ ಇಗರ್ಜಿಯ ಸುದ್ದಿ ತಾನಾಗಿ ಬಂದುಬಿಡುತ್ತದೆ. ಬ್ಯಾರಿ ಹುಡುಗಿಯ ಅಣ್ಣನ ನಿಖಾಹವನ್ನೂ ಹವ್ಯಕ ಹುಡುಗನ ಉಪನಯನವನ್ನೂ ನಾವಾಗಿ ಕೇಳಿ ಬರೆಯಬೇಕಾಗುತ್ತದೆ.

ಪುಸ್ತಕವು ಕನ್ನಡದಲ್ಲಿರಲಿ, ಕೊಂಕಣಿ, ತುಳು, ಬ್ಯಾರಿ ಹೆಸರುಗಳನ್ನು ಮನೆಯವರು ಉಚ್ಚರಿಸುವಂತೆಯೇ ಕನ್ನಡ ಅಕ್ಷರಗಳಲ್ಲಿ ಬರೆಯೋಣ, ಪಕ್ಕದಲ್ಲಿ ದಾಖಲೆಯಲ್ಲಿರುವ ರೂಪವನ್ನೂ ಕೊಡೋಣ. ಐದು ವರ್ಷಕ್ಕೊಮ್ಮೆ ಅದರ ಪ್ರತಿ ತೆಗೆಸಿ ಒಂದನ್ನು ಇಗರ್ಜಿಯ ಕಚೇರಿಯಲ್ಲಿ, ಇನ್ನೊಂದನ್ನು ಊರಿನ ಗ್ರಂಥಾಲಯದಲ್ಲಿ ಇಡಬಹುದು. ಮಳೆಗಾಲದಲ್ಲಿ ನಮ್ಮ ಕಡೆಯ ಕಪಾಟುಗಳಿಗೆ ಗೆದ್ದಲು ಹಿಡಿಯುವುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಮೂರು ಪ್ರತಿಗಳು ಮೂರು ಮಾಡುಗಳ ಕೆಳಗಿರುವುದು ಲೇಸು.